ಆಫ್ ಆಗಲು ಒಲ್ಲದ ಲಿನಕ್ಸ್: ತಡೆಯುತ್ತಿರುವ ಪ್ರೋಗ್ರಾಂ ಯಾವುದು?

ಪ್ರಶ್ನೆ: ನನ್ನದು ಸಣ್ಣ ಡಿಟಿಪಿ ಅಂಗಡಿ. ಉಬುಂಟು 22.04 ಹಾಕಿರುವ ಕಂಪ್ಯೂಟರ್ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕಗಳ ಫೈಲುಗಳೆಲ್ಲ ನ್ಯಾಸ್ ಡಬ್ಬಿಯ (ನೆಟ್‌ವರ್ಕಿಗೆ ಸೇರಿಸಿದ ಡಿಸ್ಕ್ ಪೆಟ್ಟಿಗೆಯ) ಶೇರ್ ಫೋಲ್ಡರಿನಲ್ಲಿವೆ, ಅದನ್ನು ವೈ-ಫೈ ಮೂಲಕ ಬಳಸುತ್ತೇನೆ. ಗಂಟೆಗೊಮ್ಮೆ ಬ್ಯಾಕಪ್ ಆಗುವಂತೆ ಅಣ್ಣನ ಮಗ ಒಂದು ಸ್ಕ್ರಿಪ್ಟ್ ಬರೆದುಕೊಟ್ಟಿದ್ದಾನೆ. ತೊಂದರೆ ಏನೆಂದರೆ, ಶಟ್‌ಡೌನ್ ಮಾಡಿದಾಗ ಕೆಲವೊಮ್ಮೆ ಕಂಪ್ಯೂಟರ್ ಆಫ್ ಆಗುವುದೇ ಇಲ್ಲ. 'ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್ ಫಾರ್ ಯೂಸರ್ ಮ್ಯಾನೇಜರ್ ಫಾರ್ ಯುಐಡಿ 1000' ಎಂದು ತೋರಿಸುತ್ತಾ ಎರಡು ನಿಮಿಷ ಎಣಿಸುತ್ತದೆ. ಅದು ಮುಗಿದ ಮೇಲೆ ಶೇರ್ ಫೋಲ್ಡರಿನ ಹೆಸರು ಹಾಕಿಕೊಂಡು ಮತ್ತೆ ಒಂದೂವರೆ ನಿಮಿಷ. ಕರೆಂಟ್ ಹೋದಾಗಲೇ ಇದು ಹೆಚ್ಚು. ನನ್ನ ಯುಪಿಎಸ್ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಹಾಗಾಗಿ ಪವರ್ ಬಟನ್ ಒತ್ತಿ ಹಿಡಿದು ಆರಿಸುತ್ತೇನೆ. ಕಾಯುವ ಮಿತಿಯನ್ನೇ 5 ಸೆಕೆಂಡಿಗೆ ಇಳಿಸಿಬಿಡಿ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಮಾಡಬಹುದೇ?

ಉತ್ತರ: ಮಿತಿ ಇಳಿಸುವ ಕೆಲಸವನ್ನು ದಯವಿಟ್ಟು ಈಗಲೇ ಮಾಡಬೇಡಿ. ಪರದೆಯ ಮೇಲಿನ ಆ ಎಣಿಕೆ ನಿಮ್ಮ ಫೈಲುಗಳನ್ನು ಕಾಪಾಡಲು ಇರುವ ವ್ಯವಸ್ಥೆ. ಯಾವುದೋ ಒಂದು ಪ್ರೋಗ್ರಾಂ ಕೆಲಸ ಮುಗಿಸಲಾಗದೆ ಸಿಕ್ಕಿಕೊಂಡಿದೆ ಎಂದು ಅದು ಹೇಳುತ್ತಿದೆ. ಅದು ಯಾವುದು, ಯಾಕೆ ಸಿಕ್ಕಿಕೊಂಡಿದೆ ಎಂದು ತಿಳಿದುಕೊಂಡರೆ ಎಣಿಕೆ ತಾನಾಗಿಯೇ ಮಾಯವಾಗುತ್ತದೆ. 'ಕರೆಂಟ್ ಹೋದಾಗಲೇ ಹೆಚ್ಚು' ಎಂದಿದ್ದೀರಲ್ಲ, ನಿಮ್ಮ ಪ್ರಶ್ನೆಯ ಅತಿ ಮುಖ್ಯವಾದ ಮಾತು ಅದೇ.

ಮೊದಲು ಶಟ್‌ಡೌನ್ ಒತ್ತಿದಾಗ ಒಳಗೆ ಏನಾಗುತ್ತದೆ ಎಂದು ನೋಡೋಣ. ಇಂದಿನ ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಎಲ್ಲ ಸರ್ವಿಸುಗಳನ್ನು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನು) ಶುರು ಮಾಡುವುದು, ನಿಲ್ಲಿಸುವುದು ಸಿಸ್ಟಮ್‌ಡಿ. ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಇದನ್ನು 2010ರಲ್ಲಿ ಹೊರತಂದರು. ಉಬುಂಟುವಿಗೆ 15.04ನೇ ಆವೃತ್ತಿಯಿಂದ ಇದೇ ಮೂಲ ವ್ಯವಸ್ಥೆ. ಶುರುವಾದ ಕ್ರಮಕ್ಕೆ ತಿರುಗುಮುರುಗಾಗಿ ಅದು ಒಂದೊಂದನ್ನೇ ನಿಲ್ಲಿಸುತ್ತಾ ಬರುತ್ತದೆ. ಚಪ್ಪರ ಬಿಚ್ಚುವಾಗ ಮೊದಲು ಹೊದಿಕೆ, ಆಮೇಲೆ ಕಂಬ ಎನ್ನುವ ಹಾಗೆ. ಪ್ರತಿ ಪ್ರೋಗ್ರಾಮಿಗೂ ಮೊದಲು ಸಿಗ್‌ಟರ್ಮ್ ಎಂಬ ಸಂಕೇತ ಹೋಗುತ್ತದೆ, ಅದರ ಸಂಖ್ಯೆ 15. 'ಕೈಲಿರುವುದನ್ನು ಉಳಿಸಿ ಹೊರಡು' ಎಂಬ ಕೋರಿಕೆ ಅದು. ಪ್ರೋಗ್ರಾಂ ಅದನ್ನು ಕೇಳಿ ಫೈಲ್ ಮುಚ್ಚಬಹುದು, ತಡ ಮಾಡಬಹುದು, ಕಡೆಗಣಿಸಲೂಬಹುದು. ಸಾಮಾನ್ಯವಾಗಿ 90 ಸೆಕೆಂಡ್ ಕಾದರೂ ಹೊರಡದಿದ್ದರೆ ಸಂಖ್ಯೆ 9ರ ಸಿಗ್‌ಕಿಲ್ ಬರುತ್ತದೆ. ಇದನ್ನು ಯಾವ ಪ್ರೋಗ್ರಾಮೂ ತಡೆಯಲಾರದು, ಉಳಿಸಿಕೊಳ್ಳಲು ಅದಕ್ಕೆ ಸಮಯವೂ ಸಿಗದು. ಮಿತಿಯನ್ನು 5 ಸೆಕೆಂಡಿಗೆ ಇಳಿಸಿದರೆ, ಆರನೇ ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತಿದ್ದ ಪ್ರಾಮಾಣಿಕ ಪ್ರೋಗ್ರಾಮಿಗೂ ಇದೇ ಗತಿ.

ನೀವು ಕಂಡ ಎರಡು ನಿಮಿಷ ಎಲ್ಲಿಂದ ಬಂತು? 'ಯೂಸರ್ ಮ್ಯಾನೇಜರ್' ಎಂದರೆ ಲಾಗಿನ್ ಆದ ವ್ಯಕ್ತಿಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಇನ್ನೊಂದು ಸಿಸ್ಟಮ್‌ಡಿ. 1000 ಎಂಬುದು ಆ ಕಂಪ್ಯೂಟರಿನಲ್ಲಿ ಮೊದಲು ಮಾಡಿದ ಖಾತೆಯ ಸಂಖ್ಯೆ, ಅಂದರೆ ನಿಮ್ಮದೇ. ಇದರೊಳಗಿನ ಒಂದೊಂದು ಪ್ರೋಗ್ರಾಮಿಗೂ 90 ಸೆಕೆಂಡ್ ಅವಕಾಶ. ಹೊರಗಿನ ಸಿಸ್ಟಮ್‌ಡಿ ಇಡೀ ಯೂಸರ್ ಮ್ಯಾನೇಜರಿಗೆ ಕೊಡುವುದು 120 ಸೆಕೆಂಡ್. ಆದ್ದರಿಂದ ಆ ಸಾಲಿನಲ್ಲಿ ಕಾಣುವ ಹೆಸರು ತಪ್ಪಿತಸ್ಥರದ್ದಲ್ಲ. ಯೂಸರ್ ಮ್ಯಾನೇಜರ್ ತನ್ನೊಳಗೆ ಸಿಕ್ಕಿಕೊಂಡ ಇನ್ನಾರಿಗೋ ಕಾಯುತ್ತಿದೆ. ಈ ಸಾಲನ್ನು ಓದಿ ಯೂಸರ್ ಮ್ಯಾನೇಜರನ್ನೇ ನಿಷ್ಕ್ರಿಯ ಮಾಡಲು ಹೊರಟು ಡೆಸ್ಕ್‌ಟಾಪ್ ಕೆಡಿಸಿಕೊಂಡವರಿದ್ದಾರೆ. ಆ ದಾರಿ ಬೇಡ.

ನಿಜವಾದ ಹೆಸರು ಲಾಗ್‌ನಲ್ಲಿದೆ. ಓದಲು ಸುಲಭವಾಗಲೆಂದು ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಮುಂದಿನ ಸಲ ಹೀಗೆ ತಡವಾಗಿ ಆಫ್ ಆದ ಮೇಲೆ, ಕಂಪ್ಯೂಟರ್ ಮತ್ತೆ ಹಾಕಿದ ಕೂಡಲೇ ಇದನ್ನು ಕೊಡಿ:

ಸುಡೊ ಜರ್ನಲ್‌ಸಿಟಿಎಲ್ -ಬಿ -1 -ಇ

'-ಬಿ -1' ಎಂದರೆ ಹಿಂದಿನ ಸಲದ ಓಟ, '-ಇ' ಎಂದರೆ ಅದರ ಕೊನೆಯ ಭಾಗ. ಅಲ್ಲಿ 'ಸ್ಟಾಪ್-ಸಿಗ್‌ಟರ್ಮ್ ಟೈಮ್ಡ್ ಔಟ್. ಕಿಲ್ಲಿಂಗ್' ಎಂಬ ಸಾಲು ಹುಡುಕಿ. ಅದರ ಬೆನ್ನಿಗೇ 'ಕಿಲ್ಲಿಂಗ್ ಪ್ರೋಸೆಸ್' ಎಂದು ಒಂದು ಸಂಖ್ಯೆ, ಪಕ್ಕದಲ್ಲಿ ಆವರಣದೊಳಗೆ ಪ್ರೋಗ್ರಾಮಿನ ಹೆಸರು ಇರುತ್ತದೆ. ನಮಗೆ ಬೇಕಾದುದು ಆ ಹೆಸರು. ನಿಮ್ಮ ಕಂಪ್ಯೂಟರಿನಲ್ಲಿ ಅಲ್ಲಿ 'ಆರ್‌ಸಿಂಕ್' ಎಂದಿರುತ್ತದೆ ಎಂಬುದು ನನ್ನ ಬಲವಾದ ಊಹೆ. ಬ್ಯಾಕಪ್ ಸ್ಕ್ರಿಪ್ಟುಗಳನ್ನು ಬಹುಪಾಲು ಫೈಲ್ ನಕಲು ಮಾಡುವ ಆ ಪ್ರೋಗ್ರಾಮಿನಿಂದಲೇ ಬರೆಯುತ್ತಾರೆ. ಅದರ ಕೆಳಗೆ 'ಪ್ರೋಸೆಸಸ್ ಸ್ಟಿಲ್ ಅರೌಂಡ್ ಆಫ್ಟರ್ ಸಿಗ್‌ಕಿಲ್' ಎಂಬ ಸಾಲೂ ಇದ್ದರೆ ಗಮನಿಸಿ, ಸಿಗ್‌ಕಿಲ್ ಕೊಟ್ಟ ಮೇಲೂ ಪ್ರೋಗ್ರಾಂ ಸತ್ತಿಲ್ಲ ಎಂದರ್ಥ. ಒಂದು ಎಚ್ಚರಿಕೆ: ಪವರ್ ಬಟನ್ ಒತ್ತಿ ಹಿಡಿದರೆ ಈ ಕೊನೆಯ ಸಾಲುಗಳು ಡಿಸ್ಕಿಗೆ ಹೋಗದೆ ಕಳೆದುಹೋಗಬಹುದು. ಹಾಗಾಗಿ ಕರೆಂಟ್ ಇರುವ ಒಂದು ದಿನ ಪೂರ್ತಿ ಎಣಿಸಲು ಬಿಡಿ.

ಸಿಗ್‌ಕಿಲ್‌ಗೂ ಸಾಯದ ಪ್ರೋಗ್ರಾಂ ಹೇಗಿರಲು ಸಾಧ್ಯ? ಪ್ರೋಗ್ರಾಂ ಒಂದು ಫೈಲ್ ಓದಲು ಕೇಳಿದಾಗ ಕೆಲಸ ಲಿನಕ್ಸಿನ ತಿರುಳಾದ ಕರ್ನಲ್ ಕೈಗೆ ಹೋಗುತ್ತದೆ. ಡಿಸ್ಕ್ ಉತ್ತರ ಕೊಡುವವರೆಗೆ ಕರ್ನಲ್ ಆ ಪ್ರೋಗ್ರಾಮನ್ನು ಎಬ್ಬಿಸಲಾಗದ ನಿದ್ರೆಯಲ್ಲಿ ಇಡುತ್ತದೆ. ಪಿಎಸ್ ಕಮಾಂಡಿನ ಪಟ್ಟಿಯಲ್ಲಿ ಇದು 'ಡಿ' ಎಂಬ ಅಕ್ಷರವಾಗಿ ಕಾಣುತ್ತದೆ. ಈ ನಿದ್ರೆಯಲ್ಲಿರುವ ಪ್ರೋಗ್ರಾಮಿಗೆ ಸಂಕೇತ ಮುಟ್ಟುವುದು ಎಚ್ಚರವಾದ ಮೇಲೆಯೇ. ಡಿಸ್ಕ್ ಸರಿಯಿದ್ದರೆ ಇದೆಲ್ಲ ಮಿಲಿಸೆಕೆಂಡುಗಳ ಮಾತು. ಆ 'ಡಿಸ್ಕ್' ವೈ-ಫೈ ಆಚೆ ಇರುವ ನ್ಯಾಸ್ ಆಗಿದ್ದು ಅದು ಆರಿಹೋಗಿದ್ದರೆ ಉತ್ತರ ಬರುವುದೇ ಇಲ್ಲ. 2008ರ ಕರ್ನಲ್ 2.6.25ರಿಂದ ಸಿಗ್‌ಕಿಲ್‌ಗೆ ಮಾತ್ರ ಎಚ್ಚರವಾಗುವ ಇನ್ನೊಂದು ಬಗೆಯ ನಿದ್ರೆಯನ್ನು ತಂದರು, ಎನ್‌ಎಫ್‌ಎಸ್ (ಯುನಿಕ್ಸ್ ಶೈಲಿಯ ಶೇರ್) ಬಳಸುವವರಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಆದರೆ ಕರ್ನಲ್‌ನ ಎಲ್ಲ ದಾರಿಗಳಲ್ಲೂ ಈ ಅನುಕೂಲ ಇಲ್ಲ.

ಈಗ ನಿಮ್ಮ ಅಂಗಡಿಯ ಚಿತ್ರವನ್ನು ಜೋಡಿಸೋಣ. ಕರೆಂಟ್ ಹೋಗುತ್ತದೆ. ಯುಪಿಎಸ್ ಕಂಪ್ಯೂಟರನ್ನು ಹಿಡಿದಿಡುತ್ತದೆ. ರೌಟರಿಗೂ ನ್ಯಾಸ್ ಡಬ್ಬಿಗೂ ಯುಪಿಎಸ್ ಸಂಪರ್ಕ ಇಲ್ಲದಿದ್ದರೆ ಅವೆರಡೂ ಆ ಕ್ಷಣವೇ ಆರಿಹೋಗುತ್ತವೆ. ಕಂಪ್ಯೂಟರಿನ ಲೆಕ್ಕದಲ್ಲಿ ಶೇರ್ ಫೋಲ್ಡರ್ ಇನ್ನೂ ಮೌಂಟ್ ಆಗಿಯೇ (ಕಂಪ್ಯೂಟರಿಗೆ ಜೋಡಣೆಯಾಗಿಯೇ) ಇದೆ. ಅದು ವಿಂಡೋಸ್ ಶೈಲಿಯ ಸಿಐಎಫ್‌ಎಸ್ ಶೇರ್ ಆಗಿದ್ದರೆ, ಕರ್ನಲ್ ಮೂಲ ಹೊಂದಾಣಿಕೆಯಲ್ಲಿ 60 ಸೆಕೆಂಡಿಗೊಮ್ಮೆ 'ಇದ್ದೀಯಾ' ಎಂದು ನ್ಯಾಸ್ ಅನ್ನು ಕೇಳುತ್ತದೆ. 180 ಸೆಕೆಂಡ್ ಉತ್ತರ ಬರದಿದ್ದ ಮೇಲಷ್ಟೇ ಸಂಪರ್ಕ ಕಡಿದಿದೆ ಎಂದು ತೀರ್ಮಾನಿಸುತ್ತದೆ. ಇಷ್ಟರಲ್ಲಿ ನೀವು ಶಟ್‌ಡೌನ್ ಒತ್ತಿರುತ್ತೀರಿ. ಬ್ಯಾಕಪ್ ಸ್ಕ್ರಿಪ್ಟ್ ಆ ಫೋಲ್ಡರಿನ ಮೇಲೆ ಕೈಯಿಟ್ಟು ನಿದ್ರೆಯಲ್ಲಿದೆ, ಅದಕ್ಕೆ ಯೂಸರ್ ಮ್ಯಾನೇಜರ್ ಕಾಯುತ್ತದೆ: ಎರಡು ನಿಮಿಷ. ಆಮೇಲೆ ಸಿಸ್ಟಮ್‌ಡಿ ಶೇರ್ ಫೋಲ್ಡರನ್ನು ಅನ್‌ಮೌಂಟ್ ಮಾಡಲು ಹೋಗಿ ಅದೇ ಮೌನಕ್ಕೆ ಸಿಕ್ಕುತ್ತದೆ: ಇನ್ನೊಂದೂವರೆ ನಿಮಿಷ. ನೀವು ಕಂಡ ಎರಡೂ ಸಾಲುಗಳ ಬೇರು ಒಂದೇ.

ಇದನ್ನು ಪರೀಕ್ಷಿಸಿ ಖಚಿತ ಮಾಡಿಕೊಳ್ಳಬಹುದು. ಕರೆಂಟ್ ಇರುವಾಗಲೇ, ಕೆಲಸವೆಲ್ಲ ಉಳಿಸಿದ ಮೇಲೆ, ಬ್ಯಾಕಪ್ ನಡೆಯುತ್ತಿರುವ ಹೊತ್ತು ನೋಡಿ ನ್ಯಾಸ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ಶಟ್‌ಡೌನ್ ಕೊಡಿ. ನ್ಯಾಸ್‌ನ ಪವರ್ ಕೀಳಬೇಡಿ, ಅದರೊಳಗಿನ ಡಿಸ್ಕುಗಳಿಗೆ ಅದು ಒಳ್ಳೆಯದಲ್ಲ. ಎಣಿಕೆ ಕಾಣಿಸಿಕೊಂಡರೆ ಕಾರಣ ಸಿಕ್ಕಂತೆ.

ಕರೆಂಟ್ ಇರುವಾಗಲೂ ಅಪರೂಪಕ್ಕೆ ಹೀಗಾಗುತ್ತಿದ್ದರೆ ವೈ-ಫೈ ಹೊಂದಾಣಿಕೆ ನೋಡಿ. ವೈ-ಫೈ ಪಾಸ್‌ವರ್ಡ್ ನಿಮ್ಮೊಬ್ಬರ ಖಾತೆಗೆ ಸೇರಿದ್ದಾಗಿದ್ದರೆ, ಲಾಗೌಟ್ ಆದ ಕೂಡಲೇ ನೆಟ್‌ವರ್ಕ್ ಮ್ಯಾನೇಜರ್ ಆ ಸಂಪರ್ಕವನ್ನು ಕಡಿಯುತ್ತದೆ. ಶೇರ್ ಫೋಲ್ಡರ್ ಬಿಡಿಸುವ ಸರದಿ ಬರುವ ಹೊತ್ತಿಗೆ ವೈ-ಫೈಯೇ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವೈ-ಫೈ, ನಿಮ್ಮ ಸಂಪರ್ಕದ ಪಕ್ಕದ ಹಲ್ಲುಚಕ್ರದ ಗುರುತು, ಅಲ್ಲಿ 'ಮೇಕ್ ಅವೈಲಬಲ್ ಟು ಅದರ್ ಯೂಸರ್ಸ್' ಎಂಬುದಕ್ಕೆ ಟಿಕ್ ಹಾಕಿ. ಸಾಧ್ಯವಿದ್ದರೆ ಆ ಕಂಪ್ಯೂಟರಿಗೆ ಕೇಬಲ್ ಎಳೆಸುವುದು ಇನ್ನೂ ಉತ್ತಮ. ಅಂಗಡಿಯ ಹೊಟ್ಟೆಪಾಡು ನಿಂತಿರುವ ಫೈಲುಗಳನ್ನು ವೈ-ಫೈ ಮೇಲೆ ಮೌಂಟ್ ಮಾಡಿಡುವುದು ನನಗೆ ಒಪ್ಪಿಗೆಯಾದ ವ್ಯವಸ್ಥೆಯಲ್ಲ.

ಪರಿಹಾರದಲ್ಲಿ ಮೊದಲನೆಯದಕ್ಕೆ ಕಮಾಂಡೇ ಬೇಡ: ರೌಟರ್ ಮತ್ತು ನ್ಯಾಸ್ ಎರಡನ್ನೂ ಯುಪಿಎಸ್‌ಗೆ ಸೇರಿಸಿ. ಸಣ್ಣ ರೌಟರ್ ತಿನ್ನುವುದು ಹತ್ತು ವ್ಯಾಟಿನ ಆಸುಪಾಸು. ನ್ಯಾಸ್ ಅದಕ್ಕಿಂತ ಹೆಚ್ಚು ತಿನ್ನುತ್ತದೆ ನಿಜ, ಯುಪಿಎಸ್ ಸಮಯ ಸ್ವಲ್ಪ ಕಡಿಮೆಯಾದೀತು. ಆದರೆ ಕಂಪ್ಯೂಟರ್ ಕೆಲವೇ ಸೆಕೆಂಡುಗಳಲ್ಲಿ ಆರಿದರೆ ಆ ನಷ್ಟ ಲೆಕ್ಕಕ್ಕಿಲ್ಲ.

ಎರಡನೆಯದು, ಶೇರ್ ಫೋಲ್ಡರ್ ಬೇಕಾದಾಗ ಮಾತ್ರ ಮೌಂಟ್ ಆಗುವಂತೆ ಮಾಡುವುದು. /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಏನು ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿ ಅದು) ಆ ಶೇರ್‌ನ ಸಾಲಿಗೆ ಈ ಆಯ್ಕೆಗಳನ್ನು ಅಲ್ಪವಿರಾಮ ಕೊಟ್ಟು, ನಡುವೆ ಜಾಗ ಬಿಡದೆ ಸೇರಿಸಿ:

ನೊಆಟೊ,ಎಕ್ಸ್-ಸಿಸ್ಟಮ್‌ಡಿ.ಆಟೊಮೌಂಟ್,ಎಕ್ಸ್-ಸಿಸ್ಟಮ್‌ಡಿ.ಐಡಲ್-ಟೈಮ್‌ಔಟ್=60,_ನೆಟ್‌ಡೆವ್

ಫೋಲ್ಡರ್ ತೆರೆದಾಗ ಅದು ಮೌಂಟ್ ಆಗುತ್ತದೆ, ಒಂದು ನಿಮಿಷ ಯಾರೂ ಮುಟ್ಟದಿದ್ದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಕರೆಂಟ್ ಹೋದ ಹೊತ್ತಿನಲ್ಲಿ ಅದು ಮೌಂಟ್ ಆಗಿರದಿದ್ದರೆ ಅನ್‌ಮೌಂಟ್ ಮಾಡುವ ಪ್ರಶ್ನೆಯೇ ಇಲ್ಲ. ಸಿಐಎಫ್‌ಎಸ್ ಆದರೆ 'ಎಕೋ_ಇಂಟರ್‌ವಲ್=10' ಎಂದೂ ಸೇರಿಸಬಹುದು, ಸಂಪರ್ಕ ಸತ್ತಿದೆ ಎಂದು ತಿಳಿಯಲು ಬೇಕಾದ ಸಮಯ 180ರಿಂದ 30 ಸೆಕೆಂಡಿಗೆ ಇಳಿಯುತ್ತದೆ. ಎನ್‌ಎಫ್‌ಎಸ್ ಆದರೆ 'ಸಾಫ್ಟ್' ಎಂಬ ಆಯ್ಕೆ ಹಾಕಿ ಎಂದು ಯಾರಾದರೂ ಹೇಳಿಯಾರು. ಅದರಿಂದ ಕಾಯುವಿಕೆ ತಪ್ಪುತ್ತದೆ, ಆದರೆ ಬರೆಯುತ್ತಿದ್ದ ಫೈಲ್ ಅರ್ಧದಲ್ಲಿ ಸದ್ದಿಲ್ಲದೆ ಕೆಡಬಹುದು ಎಂದು ಎನ್‌ಎಫ್‌ಎಸ್ ಕೈಪಿಡಿಯೇ ಎಚ್ಚರಿಸುತ್ತದೆ. ಗಿರಾಕಿಗಳ ಕೆಲಸ ಇರುವ ಫೋಲ್ಡರಿಗೆ ಅದನ್ನು ನಾನು ಹಾಕುವುದಿಲ್ಲ.

ಮೂರನೆಯದು ಬ್ಯಾಕಪ್ ಸ್ಕ್ರಿಪ್ಟ್. ಇದನ್ನು ನಿಮ್ಮ ಅಣ್ಣನ ಮಗನಿಗೆ ಓದಿ ಹೇಳಿ. ಆರ್‌ಸಿಂಕ್ ಈಗ ಮೌಂಟ್ ಆದ ಫೋಲ್ಡರನ್ನು ಹಾದು ಹೋಗುತ್ತಿದೆ, ಅದಕ್ಕೇ ಕರ್ನಲ್‌ನ ನಿದ್ರೆಗೆ ಸಿಕ್ಕುವುದು. ನ್ಯಾಸ್‌ನಲ್ಲಿ ಎಸ್‌ಎಸ್‌ಎಚ್ ಅಥವಾ ಆರ್‌ಸಿಂಕ್ ಸರ್ವಿಸ್ ಚಾಲೂ ಮಾಡಿ ಸ್ಕ್ರಿಪ್ಟ್ ನೇರವಾಗಿ ಅದರ ಜೊತೆ ಮಾತಾಡುವಂತೆ ಬದಲಿಸಿದರೆ, ನ್ಯಾಸ್ ಆರಿದಾಗಲೂ ಆರ್‌ಸಿಂಕ್ ಸಾಮಾನ್ಯ ಕಾಯುವಿಕೆಯಲ್ಲಿರುತ್ತದೆ, ಸಿಗ್‌ಟರ್ಮ್ ಬಂದ ಕೂಡಲೇ ಹೊರಡುತ್ತದೆ. ಅರ್ಧಕ್ಕೆ ನಿಂತರೂ ಹೆದರಬೇಕಿಲ್ಲ. ಆರ್‌ಸಿಂಕ್ ಮೂಲ ನಡವಳಿಕೆಯಲ್ಲಿ ಹೊಸ ಪ್ರತಿಯನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲಷ್ಟೇ ಹಳೆಯದರ ಜಾಗಕ್ಕೆ ತರುತ್ತದೆ. ಹಳೆಯ ಪ್ರತಿ ಕೆಡುವುದಿಲ್ಲ. 'ಇನ್‌ಪ್ಲೇಸ್' ಆಯ್ಕೆ ಹಾಕಿದ್ದರೆ ಮಾತ್ರ ಈ ಭರವಸೆ ಇಲ್ಲ. ಅದು ಇದ್ದರೆ ತೆಗೆಯಲಿ.

ಫೋಲ್ಡರ್ ಮೂಲಕವೇ ಹೋಗಬೇಕೆಂದಿದ್ದರೆ ಸ್ಕ್ರಿಪ್ಟನ್ನು ಸಿಸ್ಟಮ್ ಸರ್ವಿಸ್ ಮಾಡಿ, ಅದರ ಯೂನಿಟ್ ಫೈಲಿನಲ್ಲಿ (ಆ ಸರ್ವಿಸನ್ನು ಹೇಗೆ ನಡೆಸಬೇಕೆಂದು ಬರೆದಿಡುವ ಫೈಲ್) 'ರಿಕ್ವೈರ್ಸ್‌ಮೌಂಟ್ಸ್‌ಫಾರ್=' ಎಂದು ಬರೆದು ಆ ಫೋಲ್ಡರಿನ ದಾರಿ ಕೊಡಲಿ. ಇದರಿಂದ ಮೌಂಟ್ ಆದ ಮೇಲೆ ಬ್ಯಾಕಪ್ ಶುರುವಾಗುತ್ತದೆ, ಶಟ್‌ಡೌನ್‌ನಲ್ಲಿ ಬ್ಯಾಕಪ್ ನಿಂತ ಮೇಲೆ ಅನ್‌ಮೌಂಟ್ ಆಗುತ್ತದೆ. ಸ್ವಂತವಾಗಿ ಬರೆದ ಸರ್ವಿಸುಗಳಲ್ಲಿ ನಾನು ಅತಿ ಹೆಚ್ಚು ಕಾಣುವ ಕೊರತೆ ಇದೇ. ಶುರುವಿನ ಕ್ರಮವನ್ನು ಯಾರಾದರೂ ಯೋಚಿಸುತ್ತಾರೆ, ನಿಲ್ಲುವ ಕ್ರಮ ಅದರ ತಿರುಗುಮುರುಗು ಎಂಬುದು ಮರೆತುಹೋಗುತ್ತದೆ. ನೆಟ್‌ವರ್ಕ್ ಬೇಕಾದ ಸರ್ವಿಸಿನಲ್ಲಿ 'ಆಫ್ಟರ್=ನೆಟ್‌ವರ್ಕ್.ಟಾರ್ಗೆಟ್' ಎಂಬ ಒಂದು ಸಾಲಿದ್ದರೆ ಸಾಕು, ಶಟ್‌ಡೌನ್‌ನಲ್ಲಿ ಅದು ನೆಟ್‌ವರ್ಕ್ ಹೋಗುವ ಮುಂಚೆಯೇ ನಿಲ್ಲುತ್ತದೆ.

ಲಾಗ್‌ನಲ್ಲಿ ಆರ್‌ಸಿಂಕ್ ಬದಲು ಬೇರೆ ಹೆಸರು ಬಂದರೆ? ಕೆಲವನ್ನು ಹೇಳುತ್ತೇನೆ, ಏಕೆಂದರೆ ಒಂದೊಂದಕ್ಕೂ ನಡೆದುಕೊಳ್ಳುವ ರೀತಿ ಬೇರೆ.

'ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಶಟ್‌ಡೌನ್' ಎಂದು ಬಂದರೆ ಕೈ ಕಟ್ಟಿ ಕುಳಿತುಕೊಳ್ಳಿ. ಉಬುಂಟು ಹಿನ್ನೆಲೆಯಲ್ಲಿ ಭದ್ರತಾ ಅಪ್‌ಡೇಟ್ ಹಾಕುತ್ತಿದೆ, ಅದು ಮುಗಿಯಲೆಂದು ಈ ಸರ್ವಿಸಿಗೆ 1800 ಸೆಕೆಂಡ್, ಅಂದರೆ ಅರ್ಧ ಗಂಟೆಯ ಅವಕಾಶ ಇಟ್ಟಿದ್ದಾರೆ. ಕರ್ನಲ್ ಬದಲಾಗುತ್ತಿರುವಾಗ ಪವರ್ ಕಿತ್ತರೆ ಮರುದಿನ ಕಂಪ್ಯೂಟರ್ ಏಳದಿರಬಹುದು. ಅಕಸ್ಮಾತ್ ಆರಿಹೋದರೆ, ಎದ್ದ ಮೇಲೆ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಕೊಟ್ಟು ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಮಾಡಿಸಿ. ಯುಪಿಎಸ್ ಇಷ್ಟು ಚಿಕ್ಕದಿರುವಾಗ, ದಿನದ ಕೊನೆಗೆ ಅವಸರದಲ್ಲಿ ಆರಿಸುವ ಮೊದಲು ಅಪ್‌ಡೇಟ್ ನಡೆಯುತ್ತಿದೆಯೇ ಎಂದು ನೋಡುವ ಅಭ್ಯಾಸ ಒಳ್ಳೆಯದು.

ಡೇಟಾಬೇಸ್ ಆದರೂ ಹೀಗೆಯೇ ಗೌರವ ಕೊಡಬೇಕು. ಮರಿಯಾಡಿಬಿ ತನ್ನ ಸರ್ವಿಸಿಗೆ 900 ಸೆಕೆಂಡ್ ಕೇಳಿಕೊಂಡಿದೆ, ಸಿಗ್‌ಕಿಲ್ ಕಳಿಸಲೇಬೇಡಿ ಎಂದೂ ಬರೆದುಕೊಂಡಿದೆ. ಬಿಲ್ಲಿಂಗ್ ಪ್ರೋಗ್ರಾಂ ಅದರ ಮೇಲೆ ಓಡುತ್ತಿದ್ದರೆ ಆ ಅವಧಿಯನ್ನು ಮುಟ್ಟಬೇಡಿ.

ಸ್ವಾಪ್ ಜಾಗದ ಹೆಸರು ಬಂದರೆ ಮೆಮೊರಿ ತುಂಬಿ ಉಕ್ಕಿದೆ ಎಂದರ್ಥ. ಡಿಸ್ಕಿಗೆ ಸರಿಸಿದ್ದನ್ನೆಲ್ಲ ವಾಪಸ್ ಮೆಮೊರಿಗೆ ಎಳೆದ ಮೇಲಷ್ಟೇ ಸ್ವಾಪ್ ಬಿಡಿಸಲು ಬರುವುದು. ದೊಡ್ಡ ಚಿತ್ರಗಳನ್ನು ತೆರೆದಿಟ್ಟು ಕೆಲಸ ಮಾಡುವ ನಿಮ್ಮಂಥವರಿಗೆ ಇದು ಆಗುವಂಥದ್ದೇ. ಮೊದಲು ಪ್ರೋಗ್ರಾಂಗಳನ್ನು ಮುಚ್ಚಿ, ಆಮೇಲೆ ಶಟ್‌ಡೌನ್ ಕೊಡಿ.

ಡಾಕರ್ ಕಂಟೇನರುಗಳಿದ್ದರೆ (ಪ್ರೋಗ್ರಾಂಗಳನ್ನು ಬೇರೆಬೇರೆಯಾಗಿ ಇಟ್ಟು ಓಡಿಸುವ ಪೆಟ್ಟಿಗೆಗಳು) ಒಂದೊಂದಕ್ಕೂ 10 ಸೆಕೆಂಡ್ ಸಿಗುತ್ತದೆ. ಕಂಟೇನರಿನೊಳಗೆ ಮೊದಲನೇ ಸಂಖ್ಯೆಯ ಪ್ರೋಸೆಸ್ ಆಗಿ ಓಡುವ ಪ್ರೋಗ್ರಾಂ ಸಿಗ್‌ಟರ್ಮ್‌ಗೆ ತಾನೇ ಏರ್ಪಾಡು ಮಾಡಿಕೊಂಡಿರದಿದ್ದರೆ ಆ ಸಂಕೇತ ಅದಕ್ಕೆ ತಾಗುವುದೇ ಇಲ್ಲ. '--ಇನಿಟ್' ಆಯ್ಕೆ ಕೊಟ್ಟು ಓಡಿಸಿದರೆ ಸರಿಹೋಗುತ್ತದೆ. ಪ್ರಿಂಟರ್ ಹುಡುಕುವ 'ಕಪ್ಸ್-ಬ್ರೌಸ್ಡ್' ಕೂಡ ಕೆಲವು ಕಂಪ್ಯೂಟರುಗಳಲ್ಲಿ 90 ಸೆಕೆಂಡ್ ಪೂರ್ತಿ ತಿನ್ನುತ್ತದೆ. ನಿಮ್ಮ ಪ್ರಿಂಟರ್ ನೇರವಾಗಿ ಯುಎಸ್‌ಬಿಗೆ ಸೇರಿದ್ದರೆ ಅದನ್ನು ನಿಲ್ಲಿಸಿದರೂ ಮುದ್ರಣಕ್ಕೆ ತೊಂದರೆಯಿಲ್ಲ.

ಪೆನ್‌ಡ್ರೈವ್ ವಿಷಯ ಡಿಟಿಪಿ ಅಂಗಡಿಗೆ ಹೇಳಲೇಬೇಕು. ಕಾಪಿ ಮುಗಿದಿದೆ ಎಂದು ಪರದೆ ತೋರಿಸಿದ ಮೇಲೂ ಡೇಟಾ ಮೆಮೊರಿಯಲ್ಲೇ ಉಳಿದಿದ್ದು ಪೆನ್‌ಡ್ರೈವಿಗೆ ನಿಧಾನವಾಗಿ ಇಳಿಯುತ್ತಿರಬಹುದು. ಶಟ್‌ಡೌನ್ ಅದಕ್ಕಾಗಿ ಕಾಯುತ್ತದೆ, ಪವರ್ ಬಟನ್ ಕಾಯುವುದಿಲ್ಲ. ಕಾಪಿ ಆದ ಮೇಲೆ ಎಜೆಕ್ಟ್ ಮಾಡಿ, ಆಮೇಲೆ ಕೀಳಿ.

ಇನ್ನು, ಶಟ್‌ಡೌನ್ ಒತ್ತಿದರೂ ಡೆಸ್ಕ್‌ಟಾಪ್ ಹಾಗೇ ನಿಂತಿದ್ದರೆ ಅದು ಬೇರೆ ಸಂಗತಿ. ಪ್ರೋಗ್ರಾಂಗಳು 'ಈಗ ಆರಿಸಬೇಡಿ' ಎಂದು ಮೊದಲೇ ತಡೆ ಹಾಕಿಕೊಳ್ಳಬಹುದು. 'ಸಿಸ್ಟಮ್‌ಡಿ-ಇನ್‌ಹಿಬಿಟ್ --ಲಿಸ್ಟ್' ಕೊಟ್ಟರೆ ಯಾರು, ಯಾಕೆ ತಡೆದಿದ್ದಾರೆ ಎಂದು ಪಟ್ಟಿ ಬರುತ್ತದೆ. ಅದರಲ್ಲಿ 'ಡಿಲೇ' ಎಂದಿದ್ದರೆ ಸ್ವಲ್ಪ ಹೊತ್ತಿನ ತಡೆ, ಮೂಲ ಮಿತಿ 5 ಸೆಕೆಂಡ್. ಉಬುಂಟುವಿನ ಅಪ್‌ಗ್ರೇಡ್ ಪ್ಯಾಕೇಜ್ ಇದನ್ನು 30ಕ್ಕೆ ಏರಿಸಿಕೊಳ್ಳುತ್ತದೆ. 'ಬ್ಲಾಕ್' ಎಂದಿದ್ದರೆ ಆ ಪ್ರೋಗ್ರಾಂ ಬಿಡುವವರೆಗೆ ತಡೆ. ಉಳಿಸದ ಫೈಲ್ ತೆರೆದಿರುವ ಎಡಿಟರ್ ಹೀಗೆ ತಡೆಯಬಹುದು, ಅದು ನ್ಯಾಯವೇ.

ಎಲ್ಲ ಸರ್ವಿಸ್ ನಿಂತು 'ರೀಚ್ಡ್ ಟಾರ್ಗೆಟ್ ಪವರ್-ಆಫ್' ಎಂದು ಬಂದ ಮೇಲೂ ಯಂತ್ರ ಆರದಿದ್ದರೆ ಹಿನ್ನೆಲೆ ಸರ್ವಿಸುಗಳನ್ನು ಹುಡುಕಿ ಫಲವಿಲ್ಲ. ಆಗ ತೊಂದರೆ ಹೆಚ್ಚಾಗಿ ಕರ್ನಲ್‌ನ ಡ್ರೈವರಿನಲ್ಲೋ ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೋ ಇರುತ್ತದೆ. ಬಯೋಸ್ ಅಪ್‌ಡೇಟ್, ಇನ್ನೊಂದು ಕರ್ನಲ್, ಗ್ರಾಫಿಕ್ಸ್ ಡ್ರೈವರ್ ಬದಲಿಸಿ ನೋಡಬೇಕು. ಆ ಹೊತ್ತಿಗೆ 'ವಾಚ್‌ಡಾಗ್ ಡಿಡ್ ನಾಟ್ ಸ್ಟಾಪ್' ಎಂಬ ಸಾಲು ಕಂಡರೆ ಗಾಬರಿ ಬೇಡ. ಕೊನೆಯ ಹಂತದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಯಂತ್ರವನ್ನು ಬಲವಂತವಾಗಿ ಮರುಚಾಲನೆ ಮಾಡಲೆಂದು ಆ ಕಾವಲು ಗಡಿಯಾರವನ್ನು ಬೇಕೆಂದೇ ಓಡಲು ಬಿಟ್ಟಿರುತ್ತಾರೆ.

ಪವರ್ ಬಟನ್ ಒತ್ತಿ ಹಿಡಿಯುವ ಅಭ್ಯಾಸದ ಬಗ್ಗೆ ನನಗೆ ನಿಜವಾಗಿಯೂ ಚಿಂತೆಯಿದೆ. ಉಬುಂಟುವಿನ ಎಕ್ಸ್ಟ್4 ಫೈಲ್ ವ್ಯವಸ್ಥೆಗೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇರುವುದರಿಂದ ಡಿಸ್ಕಿನ ರಚನೆ ಸಾಮಾನ್ಯವಾಗಿ ಉಳಿಯುತ್ತದೆ. ಮೆಮೊರಿಯಲ್ಲಿದ್ದು ಡಿಸ್ಕಿಗೆ ಇಳಿಯದ ಬರಹ ಉಳಿಯುವುದಿಲ್ಲ. ತುರ್ತಿನಲ್ಲಿ ಬೇರೆ ದಾರಿಗಳಿವೆ. ಎಣಿಕೆಯ ಪರದೆ ಮುಂದಿರುವಾಗ ಕಂಟ್ರೋಲ್, ಆಲ್ಟ್ ಹಿಡಿದು ಡಿಲೀಟ್ ಕೀಲಿಯನ್ನು 2 ಸೆಕೆಂಡಿನೊಳಗೆ 7 ಸಲಕ್ಕಿಂತ ಹೆಚ್ಚು ಒತ್ತಿದರೆ, ಸಿಸ್ಟಮ್‌ಡಿ ಸರ್ವಿಸುಗಳಿಗೆ ಕಾಯುವುದನ್ನು ಬಿಟ್ಟು, ಎಲ್ಲ ಪ್ರೋಸೆಸ್ ಕೊಂದು, ಡಿಸ್ಕುಗಳನ್ನು ಬಿಡಿಸಿ ಯಂತ್ರವನ್ನು ರೀಸ್ಟಾರ್ಟ್ ಮಾಡುತ್ತದೆ. ಅದೂ ಆಗದಿದ್ದರೆ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಕೀಲಿ ಹಿಡಿದುಕೊಂಡೇ ಎಸ್, ಯು, ಓ ಅಕ್ಷರಗಳನ್ನು ಎರಡೆರಡು ಸೆಕೆಂಡ್ ಬಿಟ್ಟು ಒಂದೊಂದಾಗಿ ಒತ್ತಿ. ಎಸ್ ಮೆಮೊರಿಯಲ್ಲಿದ್ದುದನ್ನು ಡಿಸ್ಕಿಗೆ ಬರೆಸುತ್ತದೆ, ಯು ಡಿಸ್ಕುಗಳನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತರುತ್ತದೆ, ಓ ಆಫ್ ಮಾಡುತ್ತದೆ. ಉಬುಂಟು ಈ ಮೂರಕ್ಕೂ ಅನುಮತಿ ಕೊಟ್ಟಿದೆ.

ಕಾಯುವ ಮಿತಿಗೆ ಈಗ ಬರೋಣ. ಸ್ನೇಹಿತರ ಸಲಹೆ ಪೂರ್ತಿ ತಪ್ಪೇನಲ್ಲ. ಫೆಡೋರಾ 38ನೇ ಆವೃತ್ತಿಯಲ್ಲಿ, 2023ರಲ್ಲಿ, ಈ ಮಿತಿಯನ್ನು 45 ಸೆಕೆಂಡಿಗೆ ಇಳಿಸಿತು. ಮೇಲಿನ ಕಾರಣಗಳನ್ನೆಲ್ಲ ಸರಿಪಡಿಸಿದ ಮೇಲೆ ನೀವೂ /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್.ಕಾನ್ಫ್ ಫೈಲಿನಲ್ಲಿ 'ಡಿಫಾಲ್ಟ್‌ಟೈಮ್‌ಔಟ್‌ಸ್ಟಾಪ್‌ಸೆಕ್=45ಎಸ್' ಎಂದು ಇಡಬಹುದು; ಇಲ್ಲಿ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು, ಸಾಲಿನ ಮುಂದಿರುವ ಹ್ಯಾಶ್ ಗುರುತು ತೆಗೆಯಬೇಕು. ಅದೇ ಜಾಗದ ಯೂಸರ್.ಕಾನ್ಫ್‌ನಲ್ಲೂ ಹೀಗೆಯೇ ಮಾಡಿ, ಯೂಸರ್ ಮ್ಯಾನೇಜರಿನ ಒಳಗಿನ ಎಣಿಕೆಗೆ ಆ ಫೈಲೇ ಬೇಕು. ತನ್ನದೇ ಮಿತಿ ಬರೆದುಕೊಂಡಿರುವ ಮರಿಯಾಡಿಬಿಯಂಥ ಸರ್ವಿಸುಗಳಿಗೆ ಇದು ತಾಗುವುದಿಲ್ಲ. ನನಗೆ ಇದಕ್ಕಿಂತ ಸರಿ ಕಾಣುವುದು, ತಡ ಮಾಡುವ ಆ ಒಂದು ಸರ್ವಿಸಿಗೆ ಮಾತ್ರ ಮಿತಿ ಹಾಕುವುದು. ಬ್ಯಾಕಪ್ ಸರ್ವಿಸಿನ ಹೆಸರು ಕೊಟ್ಟು 'ಸುಡೊ ಸಿಸ್ಟಮ್‌ಸಿಟಿಎಲ್ ಎಡಿಟ್' ಮಾಡಿದರೆ ಒಂದು ಫೈಲ್ ತೆರೆದುಕೊಳ್ಳುತ್ತದೆ; ಮೇಲ್ಭಾಗದ ಟಿಪ್ಪಣಿ ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಚೌಕಾವರಣದಲ್ಲಿ 'ಸರ್ವಿಸ್' ಎಂದು ಬರೆದು ಅದರ ಕೆಳಗೆ 'ಟೈಮ್‌ಔಟ್‌ಸ್ಟಾಪ್‌ಸೆಕ್=15' ಹಾಕಿ. ಸ್ಕ್ರಿಪ್ಟ್ ಇನ್ನೂ ಯೂಸರ್ ಸರ್ವಿಸ್ ಆಗಿಯೇ ಇದ್ದರೆ ಸುಡೊ ಬಿಟ್ಟು '--ಯೂಸರ್' ಸೇರಿಸಬೇಕು. ಬ್ಯಾಕಪ್‌ಗೆ 15 ಸೆಕೆಂಡ್ ಧಾರಾಳ. ಉಳಿದವರ ಸಮಯಕ್ಕೆ ಕೈ ಹಾಕಿದಂತಾಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸಿಕ್ಕಿಕೊಳ್ಳುವುದು ನಿಲ್ಲದಿದ್ದರೆ, ಆಗುತ್ತಿರುವಾಗಲೇ ಒಳಗೆ ಇಣುಕಲು ಒಂದು ಕಿಟಕಿ ಇದೆ. 'ಸುಡೊ ಸಿಸ್ಟಮ್‌ಸಿಟಿಎಲ್ ಎನೇಬಲ್ ಡಿಬಗ್-ಶೆಲ್.ಸರ್ವಿಸ್' ಕೊಟ್ಟು ರೀಸ್ಟಾರ್ಟ್ ಮಾಡಿ. ಮುಂದೆ ಶಟ್‌ಡೌನ್ ನಿಂತಾಗ ಕಂಟ್ರೋಲ್, ಆಲ್ಟ್, ಎಫ್9 ಒತ್ತಿದರೆ ಒಂದು ಟರ್ಮಿನಲ್ ಸಿಗುತ್ತದೆ. ಅಲ್ಲಿ 'ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್' ಕೊಟ್ಟರೆ ಯಾವ ಕೆಲಸ ನಡೆಯುತ್ತಿದೆ, ಯಾವುದು ಕಾಯುತ್ತಿದೆ ಎಂದು ತಿಳಿಯುತ್ತದೆ, 'ಸಿಸ್ಟಮ್‌ಡಿ-ಸಿಜಿಎಲ್‌ಎಸ್' ಕೊಟ್ಟರೆ ಯಾವ ಸರ್ವಿಸಿನಡಿ ಯಾವ ಪ್ರೋಸೆಸ್ ಉಳಿದಿದೆ ಎಂದು ಕಾಣುತ್ತದೆ. ಈ ಟರ್ಮಿನಲ್ ಪಾಸ್‌ವರ್ಡ್ ಕೇಳದೆ ರೂಟ್ ಅಧಿಕಾರ, ಅಂದರೆ ಏನು ಬೇಕಾದರೂ ಮಾಡುವ ಅಧಿಕಾರ ಕೊಡುತ್ತದೆ. ಗಿರಾಕಿಗಳು ಬಂದುಹೋಗುವ ಅಂಗಡಿಯಲ್ಲಿ ಅದನ್ನು ತೆರೆದಿಡುವಂತಿಲ್ಲ. ಪತ್ತೆಯಾದ ದಿನವೇ 'ಎನೇಬಲ್' ಬದಲು 'ಡಿಸೇಬಲ್' ಕೊಟ್ಟು ಮುಚ್ಚಿ.

ಕೊನೆಯದಾಗಿ ಯುಪಿಎಸ್. ಹಿಂದೆ ಯುಎಸ್‌ಬಿ ಪೋರ್ಟ್ ಇದ್ದರೆ ಕೇಬಲ್ ಹಾಕಿ, 'ನೆಟ್‌ವರ್ಕ್ ಯುಪಿಎಸ್ ಟೂಲ್ಸ್' ಪ್ಯಾಕೇಜ್ ಸ್ಥಾಪಿಸಿ. ಹಲವು ಕಂಪನಿಗಳ ಯುಪಿಎಸ್ ಜೊತೆ ಅದು ಮಾತಾಡಬಲ್ಲದು, ಬ್ಯಾಟರಿ ತಳ ಮುಟ್ಟುವ ಮೊದಲೇ ಶಟ್‌ಡೌನ್ ಶುರು ಮಾಡುತ್ತದೆ. ಅನೇಕ ನ್ಯಾಸ್ ಡಬ್ಬಿಗಳಿಗೂ ಇದೇ ವ್ಯವಸ್ಥೆ ಗೊತ್ತು, ಆದ್ದರಿಂದ ಕಂಪ್ಯೂಟರ್ ಮೊದಲು, ನ್ಯಾಸ್ ಆಮೇಲೆ ಆರುವಂತೆ ಹೊಂದಿಸಬಹುದು. ಯುಎಸ್‌ಬಿ ಇಲ್ಲದ ಯುಪಿಎಸ್ ಆದರೆ ಆ ಸರದಿಯನ್ನು ನೀವೇ ಪಾಲಿಸಬೇಕು. ಎಲ್ಲ ಮುಗಿದ ಮೇಲೆ, ಕೆಲಸ ಕಡಿಮೆಯಿರುವ ದಿನ ಫೈಲುಗಳನ್ನು ಉಳಿಸಿ, ಶೇರ್ ಫೋಲ್ಡರ್ ತೆರೆದಿಟ್ಟು, ಯುಪಿಎಸ್‌ಗೆ ಬರುವ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಶಟ್‌ಡೌನ್ ಕೊಡಿ. ಉಬುಂಟು ಚಿತ್ರದ ಹಿಂದೆ ಏನು ನಡೆಯುತ್ತಿದೆ ಎಂದು ನೋಡಲು ಎಸ್ಕೇಪ್ ಕೀಲಿ ಒತ್ತಿ. ಎಣಿಕೆಯ ಸಾಲು ಮತ್ತೆ ಕಂಡರೆ, ಕಂಪ್ಯೂಟರ್ ಹಾಕಿದ ಮೇಲೆ ಲಾಗ್‌ನ ಕೊನೆಯ ಐವತ್ತು ಸಾಲುಗಳನ್ನೂ ಎಫ್‌ಎಸ್‌ಟ್ಯಾಬ್‌ನಲ್ಲಿರುವ ಶೇರ್‌ನ ಸಾಲನ್ನೂ ನನಗೆ ಕಳಿಸಿ. ಪಾಸ್‌ವರ್ಡ್ ಏನಾದರೂ ಆ ಸಾಲಿನಲ್ಲಿದ್ದರೆ ಅಳಿಸಿ ಕಳಿಸಿ.